ಟೊಲ್ಯೂಯಿನ್ ಆವಿಯನ್ನು ಕಾರ್ಬನ್ ಬೆಡ್‌ನಲ್ಲಿ ಹಿಡಿದು ಮರಳಿ ಪಡೆಯುವ ಬಗೆ: ತುಮಕೂರು ಭಾಗದ ಕೋಟಿಂಗ್ ಘಟಕಗಳಿಗೆ ಸಮಗ್ರ ಮಾರ್ಗದರ್ಶಿ

ಅಂಟು ಟೇಪು, ಲೇಬಲ್, ರಬ್ಬರ್ ಲೇಪನದ ಬಟ್ಟೆ ತಯಾರಿಸುವಲ್ಲಿ ಟೊಲ್ಯೂಯಿನ್ ಎಂಬ ಸಾಲ್ವೆಂಟಿಗೆ (ದ್ರಾವಕಕ್ಕೆ) ಇರುವುದು ಒಂದೇ ಕೆಲಸ: ಅಂಟನ್ನು ತೆಳ್ಳಗೆ ಹರಡಿ, ಓವನ್‌ನಲ್ಲಿ ಆವಿಯಾಗಿ ಹೋಗುವುದು. ಮಾಲಿನಲ್ಲಿ ಅದು ಉಳಿಯಬಾರದು. ಹಾಗಾಗಿ ಕೊಂಡ ಡ್ರಮ್ಮುಗಳೆಲ್ಲ ಕೊನೆಗೆ ಚಿಮಣಿಯ ದಾರಿ ಹಿಡಿಯುತ್ತವೆ. ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿಯಂಥ ಕೈಗಾರಿಕಾ ಪ್ರದೇಶಗಳ ಬೇಲಿಯಾಚೆ ಊರುಗಳಿವೆ, ತೋಟಗಳಿವೆ. ಆ ಆವಿಯನ್ನು ಉಸಿರಾಡುವವರು ನಮ್ಮವರೇ.

ಕಾರ್ಬನ್ ಬೆಡ್, ಅಂದರೆ ಆವಿಯನ್ನು ತನ್ನ ರಂಧ್ರಗಳಲ್ಲಿ ಹಿಡಿಯುವ ಸಕ್ರಿಯ ಇಂಗಾಲ ತುಂಬಿದ ಪಾತ್ರೆ, ಹಳೆಯ, ನಂಬಬಹುದಾದ ವಿಧಾನ. ಬೆಡ್ ತುಂಬಿದ ಮೇಲೆ ಸ್ಟೀಮ್ ಹಾಯಿಸಿ ಆವಿಯನ್ನು ಬಿಡಿಸಿ, ತಣಿಸಿ, ದ್ರವವಾಗಿ ಮರಳಿ ಪಡೆಯುತ್ತಾರೆ. ಆದರೂ ಹಲವು ಕಡೆ ಅದು ಕೈಕೊಡುತ್ತದೆ, ಮತ್ತು ತಪ್ಪು ಬಹುಮಟ್ಟಿಗೆ ಕಾರ್ಬನ್‌ನದಲ್ಲ. ಬೆಡ್‌ಗೆ ಬರುವ ಗಾಳಿ ಬಿಸಿಯಾಗಿರುತ್ತದೆ, ತೇವವಾಗಿರುತ್ತದೆ, ಕೊಳೆಯಾಗಿರುತ್ತದೆ. ಇಲ್ಲವೇ ಆವಿಯ ಅರ್ಧ ಭಾಗ ಬೆಡ್‌ವರೆಗೆ ಬಂದೇ ಇರುವುದಿಲ್ಲ. ಈ ಬರಹದಲ್ಲಿ ಬೆಡ್‌ಗಿಂತ ಹಿಂದಿನ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ಯಾವ ಸಾಲ್ವೆಂಟಿಗೆ ಒಗ್ಗುತ್ತದೆ

ಟೊಲ್ಯೂಯಿನ್, ಕ್ಸೈಲಿನ್, ಹೆಕ್ಸೇನ್, ಹೆಪ್ಟೇನ್ ಇವೆಲ್ಲ ಕಾರ್ಬನ್‌ಗೆ ಚೆನ್ನಾಗಿ ಅಂಟುತ್ತವೆ, ಸ್ಟೀಮ್ ಕೊಟ್ಟರೆ ಬಿಡುತ್ತವೆ, ನೀರಿನಲ್ಲಿ ಹೆಚ್ಚು ಕರಗುವುದಿಲ್ಲ. ಮೆಥನಾಲ್‌ನಂಥ ಹಗುರ ಅಣುಗಳು ಸರಿಯಾಗಿ ನಿಲ್ಲುವುದೇ ಇಲ್ಲ. 200 ಡಿಗ್ರಿಗಿಂತ ಮೇಲೆ ಕುದಿಯುವ ಪ್ಲಾಸ್ಟಿಸೈಜರ್, ರೆಸಿನ್ ಹೊಗೆ ಒಳಹೊಕ್ಕರೆ ಸ್ಟೀಮ್‌ಗೂ ಜಗ್ಗದೆ ರಂಧ್ರಗಳನ್ನು ಮುಚ್ಚುತ್ತವೆ.

ಈಥೈಲ್ ಅಸಿಟೇಟ್ ವಿಚಾರ ಬೇರೆ. ಪ್ಯಾಕೇಜಿಂಗ್ ಲ್ಯಾಮಿನೇಷನ್ ಘಟಕಗಳು ಹೆಚ್ಚಾಗಿ ಅದನ್ನೇ ಬಳಸುತ್ತವೆ, ಟೊಲ್ಯೂಯಿನ್‌ಗೆ ಹೊಂದುವ ಸ್ಟೀಮ್ ವ್ಯವಸ್ಥೆಯನ್ನೇ ಕೇಳುತ್ತವೆ. ಲೆಕ್ಕ ಹಾಕಿ ನೋಡಿ. ಒಂದು ಸರದಿಗೆ (ಬೆಡ್ ಒಮ್ಮೆ ಆವಿ ಹಿಡಿದು ಬಿಡುವ ಸುತ್ತಿಗೆ) 600 ಕಿಲೊ ಸ್ಟೀಮ್ ಹೋದರೆ ಸುಮಾರು 600 ಲೀಟರ್ ನೀರು ಬರುತ್ತದೆ. ಟೊಲ್ಯೂಯಿನ್ ಒಂದು ಲೀಟರ್ ನೀರಿನಲ್ಲಿ ಅರ್ಧ ಗ್ರಾಂ ಮಾತ್ರ ಕರಗುವುದರಿಂದ ನಷ್ಟ 300 ಗ್ರಾಂ. ಈಥೈಲ್ ಅಸಿಟೇಟ್ ಲೀಟರ್‌ಗೆ 80 ಗ್ರಾಂನಷ್ಟು ಕರಗುತ್ತದೆ; ಅದೇ ನೀರು 48 ಕಿಲೊ ನುಂಗುತ್ತದೆ. ಸಾಲದೆಂಬಂತೆ ಸ್ಟೀಮ್ ಜೊತೆ ಸೇರಿ ಅದು ಅಸಿಟಿಕ್ ಆಮ್ಲ ಮತ್ತು ಎಥನಾಲ್ ಆಗಿ ಒಡೆದು ಸಾಮಾನ್ಯ ಉಕ್ಕನ್ನು ತಿನ್ನುತ್ತದೆ. ಈಥೈಲ್ ಅಸಿಟೇಟ್‌ಗೆ ಬಿಸಿ ನೈಟ್ರೋಜನ್‌ನಿಂದ ಬೆಡ್ ಬಿಡಿಸುವ ವ್ಯವಸ್ಥೆಯೇ ಸರಿ. ಇಲ್ಲಿಂದ ಮುಂದೆ ಹೇಳುವುದು ಟೊಲ್ಯೂಯಿನ್ ಮತ್ತು ಸ್ಟೀಮ್ ಬಗ್ಗೆ.

ಮೊದಲು ಆವಿಯನ್ನು ಹಿಡಿಯಿರಿ

ಬೆಡ್ ತನಗೆ ತಲುಪಿದ್ದರಲ್ಲಿ 95 ಶೇಕಡಾ ಹಿಡಿದರೂ, ಹೊರಬಿದ್ದ ಆವಿಯಲ್ಲಿ 60 ಶೇಕಡಾ ಮಾತ್ರ ಡಕ್ಟ್ ಸೇರಿದರೆ ಒಟ್ಟು ಸಿಗುವುದು 57. ದುಬಾರಿ ಕಾರ್ಬನ್ ಹಾಕಿದರೂ ಈ ಲೆಕ್ಕ ಬದಲಾಗದು.

ಓವನ್‌ನ ಎರಡೂ ಬಾಯಿಗಳಲ್ಲಿ ಗಾಳಿ ಒಳಮುಖವಾಗಿಯೇ ಹರಿಯಬೇಕು. ಪರೀಕ್ಷೆಗೆ ತೆಳು ಟಿಶ್ಯೂ ಕಾಗದದ ಪಟ್ಟಿಯನ್ನು ಬಾಯಿಯ ಮೇಲೆ, ಕೆಳಗೆ, ಎರಡೂ ಅಂಚಿಗೆ ಹಿಡಿಯಿರಿ; ನಾಲ್ಕು ಕಡೆಯೂ ಒಳಕ್ಕೆ ವಾಲಬೇಕು. ಹೊಗೆ ನೋಡಲೆಂದು ಊದುಬತ್ತಿ ಹಚ್ಚುವುದು ಇಲ್ಲಿ ಯಾವ ಕಾರಣಕ್ಕೂ ಬೇಡ. ಟೊಲ್ಯೂಯಿನ್‌ನ ಫ್ಲಾಶ್ ಪಾಯಿಂಟ್ 4 ಡಿಗ್ರಿ. ನಮ್ಮ ಚಳಿಗಾಲದ ಬೆಳಗಿನಲ್ಲೂ ಅದು ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ.

ಕೋಟಿಂಗ್ ಹೆಡ್ ಮತ್ತು ಓವನ್ ನಡುವಿನ ತೆರೆದ ಜಾಗವೇ ದೊಡ್ಡ ಸೋರಿಕೆ. ಅಲ್ಲಿ ಹುಡ್ ಕಟ್ಟಿ, ಅದರ ಬಾಯಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ವೇಗ ಸಿಗುವಂತೆ ನೋಡಿಕೊಳ್ಳಿ. ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಆದ್ದರಿಂದ ನೆಲಮಟ್ಟದಲ್ಲೂ ಒಂದು ಹೀರುಬಾಯಿ ಇರಲಿ. ಅಂಟು ಕಲಸುವ ಡ್ರಮ್, ಟ್ರೇಗಳಿಗೆ ಮುಚ್ಚಳ ಬೇಕು. ಕೈ, ರೋಲರ್ ಒರೆಸಿದ ಬಟ್ಟೆ ಮುಚ್ಚಳದ ತಗಡಿನ ಡಬ್ಬಕ್ಕೇ ಹೋಗಬೇಕು.

ಅಳತೆಯ ಲೆಕ್ಕ

ಉದಾಹರಣೆಗೆ ಗಂಟೆಗೆ 30 ಕಿಲೊ ಟೊಲ್ಯೂಯಿನ್ ಆವಿಯಾಗುವ ಒಂದು ಲೈನ್, ಗಾಳಿ ಗಂಟೆಗೆ 6,000 ಘನ ಮೀಟರ್. ಅಂದರೆ ಘನ ಮೀಟರ್‌ಗೆ 5 ಗ್ರಾಂ.

ತುಮಕೂರು ಸಮುದ್ರಮಟ್ಟಕ್ಕಿಂತ 800 ಮೀಟರ್‌ಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 92 ಕಿಲೊಪಾಸ್ಕಲ್. ಸಮುದ್ರಮಟ್ಟದ ಕೋಷ್ಟಕವನ್ನು ಹಾಗೇ ಬಳಸಿದರೆ ಸಾಂದ್ರತೆಯ ಲೆಕ್ಕ ಮತ್ತು ಬ್ಲೋವರ್ ಎರಡೂ ತಪ್ಪುತ್ತವೆ. 38 ಡಿಗ್ರಿಯಲ್ಲಿ, ಈ ಒತ್ತಡದಲ್ಲಿ 5 ಗ್ರಾಂ ಎಂದರೆ ಸುಮಾರು 1,525 ಪಿಪಿಎಂ. ಟೊಲ್ಯೂಯಿನ್ ಹೊತ್ತಿಕೊಳ್ಳುವ ಕನಿಷ್ಠ ಸಾಂದ್ರತೆ, ಅಂದರೆ ಎಲ್‌ಇಎಲ್, 1.1 ಶೇಕಡಾ ಅಥವಾ 11,000 ಪಿಪಿಎಂ. ನಾವಿರುವುದು ಅದರ 14 ಶೇಕಡಾದಲ್ಲಿ. 25 ಶೇಕಡಾ ಮೇಲ್ಮಿತಿಯೆಂದು ಇಟ್ಟುಕೊಳ್ಳಿ. ಅದು ದಾಟಿದರೆ ಕೋಟಿಂಗ್ ತಾನಾಗಿ ನಿಲ್ಲುವಂತೆ ಇಂಟರ್‌ಲಾಕ್ ಇರಬೇಕು. ಟೇಪ್ ಘಟಕಗಳಲ್ಲಿ ರಿಲೀಸ್ ಲೇಪನದ ಸಿಲಿಕೋನ್ ಗಾಳಿಯಲ್ಲಿರುತ್ತದೆ, ಅದು ಕ್ಯಾಟಲಿಟಿಕ್ ಮಾದರಿಯ ಎಲ್‌ಇಎಲ್ ಸೆನ್ಸರನ್ನು ಸದ್ದಿಲ್ಲದೆ ಕೊಲ್ಲುತ್ತದೆ: ಸೆನ್ಸರ್ ಸೊನ್ನೆ ತೋರಿಸುತ್ತಿರುತ್ತದೆ, ಗಾಳಿಯಲ್ಲಿ ಆವಿ ತುಂಬಿರುತ್ತದೆ. ಇನ್‌ಫ್ರಾರೆಡ್ ಸೆನ್ಸರ್ ಕೊಳ್ಳಿ.

ಬೆಡ್‌ನಲ್ಲಿ ಗಾಳಿಯ ವೇಗ ಸೆಕೆಂಡಿಗೆ 0.3 ಮೀಟರ್ ಇಟ್ಟರೆ ಅಡ್ಡಕೊಯ್ತ 5.6 ಚದರ ಮೀಟರ್ ಬೇಕು, ಅಂದರೆ 2.7 ಮೀಟರ್ ವ್ಯಾಸದ ಪಾತ್ರೆ. ಬೆಡ್ ಎತ್ತರ 0.7 ಮೀಟರ್, ಗಾತ್ರ 3.9 ಘನ ಮೀಟರ್. ಘನ ಮೀಟರ್‌ಗೆ 450 ಕಿಲೊ ತೂಗುವ ಕಾರ್ಬನ್ ಆದರೆ ಒಂದು ಬೆಡ್‌ಗೆ 1,750 ಕಿಲೊ. ಕ್ಯಾಟಲಾಗ್‌ನಲ್ಲಿ ಕಾರ್ಬನ್ ತನ್ನ ತೂಕದ 30–40 ಶೇಕಡಾ ಹಿಡಿಯುತ್ತದೆ ಎಂದು ಬರೆದಿರಬಹುದು. ಸ್ಟೀಮ್ ಪ್ರತಿಸಲ ಸ್ವಲ್ಪ ಒಳಗೇ ಬಿಡುವುದರಿಂದ ದಿನನಿತ್ಯದ ಕೆಲಸಕ್ಕೆ 10 ಶೇಕಡಾ ಎಂದು ಹಿಡಿಯುವುದೇ ವಿವೇಕ. 175 ಕಿಲೊ ಹಿಡಿಯಲು ಆರು ಗಂಟೆ ಸಮೀಪ ಬರುತ್ತದೆ. ಸರದಿಯನ್ನು 5 ಗಂಟೆಗೆ ಇಡಿ. ಒಂದು ಸರದಿಗೆ 150 ಕಿಲೊ. ಎರಡು ಬೆಡ್ ಸಾಕು, ಒಂದು ಹಿಡಿಯುವಾಗ ಇನ್ನೊಂದು ಬಿಡುತ್ತದೆ.

ಡಕ್ಟ್ 420 ಮಿಲಿಮೀಟರ್ ವ್ಯಾಸ, ವೇಗ ಸೆಕೆಂಡಿಗೆ 12 ಮೀಟರ್. ಡಕ್ಟ್, ಫಿಲ್ಟರ್, ಕೂಲರ್, ಬೆಡ್ ಎಲ್ಲ ಸೇರಿ 300 ಮಿಲಿಮೀಟರ್ ನೀರಿನ ಒತ್ತಡಕ್ಕೆ ಬ್ಲೋವರ್ ಆರಿಸಿದರೆ 11 ಕಿಲೋವ್ಯಾಟ್ ಮೋಟಾರ್ ಬೇಕು. ಮೋಟಾರ್ ಫ್ಲೇಮ್‌ಪ್ರೂಫ್, ಬ್ಲೋವರ್‌ನ ಒಳಭಾಗ ಕಿಡಿ ಹಾರದ ಲೋಹದ್ದು. ಡಕ್ಟ್‌ನ ಪ್ರತಿ ಫ್ಲಾಂಜ್‌ಗೂ ತಾಮ್ರದ ಪಟ್ಟಿಯ ಜಂಪರ್ ಹಾಕಿ ಭೂಮಿಗೆ ಸೇರಿಸಿ.

ಗಾಳಿಯ ಹದ

ಓವನ್‌ನಿಂದ 70 ಡಿಗ್ರಿಯಲ್ಲಿ ಬರುವ ಗಾಳಿ ಮೊದಲು ಬ್ಯಾಗ್ ಫಿಲ್ಟರ್, ನಂತರ ಕೂಲರ್ ಹಾದು ಬೆಡ್ ಸೇರಬೇಕು. ಕೂಲರ್ ಹೊರಬೇಕಾದ ಶಾಖ ಸುಮಾರು 55 ಕಿಲೋವ್ಯಾಟ್.

ಎಷ್ಟಕ್ಕೆ ತಣಿಸಬೇಕು ಎಂಬಲ್ಲೇ ಜನ ಎಡವುತ್ತಾರೆ. ತಣ್ಣಗಿದ್ದಷ್ಟೂ ಕಾರ್ಬನ್ ಹೆಚ್ಚು ಹಿಡಿಯುತ್ತದೆ ಎಂಬ ಮಾತು ಒಣ ಗಾಳಿಗೆ ನಿಜ. ಜುಲೈ ತಿಂಗಳ ಸೋನೆಯಲ್ಲಿ ಹೊರಗಿನ ಗಾಳಿ 24 ಡಿಗ್ರಿ, ಆರ್ದ್ರತೆ 85 ಶೇಕಡಾ ಎಂದುಕೊಳ್ಳಿ. ಅದೇ ಗಾಳಿ ಓವನ್ ಹೊಕ್ಕು ಬಂದ ಮೇಲೆ 38 ಡಿಗ್ರಿಗೆ ತಣಿಸಿದರೆ ಆರ್ದ್ರತೆ 38 ಶೇಕಡಾ. 30 ಡಿಗ್ರಿಗೆ ಇಳಿಸಿದರೆ 60 ಶೇಕಡಾ! ಐವತ್ತು ದಾಟಿದ ಮೇಲೆ ಕಾರ್ಬನ್‌ನ ಸಣ್ಣ ರಂಧ್ರಗಳಲ್ಲಿ ನೀರೇ ಕುಳಿತು ಟೊಲ್ಯೂಯಿನ್‌ಗೆ ಜಾಗ ಉಳಿಯುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ 38–40 ಡಿಗ್ರಿ, ಫೆಬ್ರವರಿ–ಮಾರ್ಚಿನ ಒಣ ದಿನಗಳಲ್ಲಿ 32–35. ಕೂಲರ್ ನಂತರ ತಾಪ ಮತ್ತು ಆರ್ದ್ರತೆಯ ಸೆನ್ಸರ್ ಎರಡೂ ಬೇಕು.

ಕಾರ್ಬನ್ ಆಯ್ಕೆ, ತುಂಬುವಿಕೆ

ತಿಪಟೂರಿನ ಸೀಮೆಯಲ್ಲಿ ಕುಳಿತು ತೆಂಗಿನ ಚಿಪ್ಪಿನ ಕಾರ್ಬನ್ ಬೇಡ ಎನ್ನುವುದು ಕಷ್ಟವೇ. ಚಿಪ್ಪಿನ ಕಾರ್ಬನ್ ಗಟ್ಟಿ, ಬೂದಿ ಕಡಿಮೆ. ಆದರೆ ಅದರ ರಂಧ್ರಗಳು ತೀರ ಸಣ್ಣವು: ಹಿಡಿದದ್ದನ್ನು ಬಿಗಿಯಾಗಿ ಹಿಡಿದು, ಬಿಡಲು ಹೆಚ್ಚು ಸ್ಟೀಮ್ ಕೇಳುತ್ತದೆ. ಕಡಿಮೆ ಸಾಂದ್ರತೆಯ ಟ್ಯಾಂಕ್ ವೆಂಟ್‌ಗೆ ಅದು ಅತ್ಯುತ್ತಮ. ದಿನಕ್ಕೆ ಹಲವು ಸಲ ಹಿಡಿದು ಬಿಡಬೇಕಾದ ಬೆಡ್‌ಗೆ 4 ಮಿಲಿಮೀಟರ್ ಉರುಳೆಯಾಕಾರದ ಪೆಲೆಟ್ ಕಾರ್ಬನ್ ನನ್ನ ಆಯ್ಕೆ. ಗಾಳಿಗೂ ಅಡ್ಡಿ ಕಡಿಮೆ. ಸಿಟಿಸಿ ಮೌಲ್ಯ (ಕಾರ್ಬನ್ ತನ್ನ ತೂಕದ ಶೇಕಡಾ ಎಷ್ಟು ಕಾರ್ಬನ್ ಟೆಟ್ರಾಕ್ಲೋರೈಡ್ ಆವಿ ಹಿಡಿಯುತ್ತದೆ ಎಂಬ ಅಳತೆ) 60–70, ಗಡಸುತನ 95ಕ್ಕಿಂತ ಮೇಲೆ, ತೇವ 5 ಶೇಕಡಾದೊಳಗೆ ಎಂದು ಆರ್ಡರ್‌ನಲ್ಲೇ ಬರೆಯಿರಿ. ಪರೀಕ್ಷೆ ಭಾರತೀಯ ಮಾನಕ ಐಎಸ್ 877ರ ವಿಧಾನದಲ್ಲಿ ಆಗಲಿ.

ತುಂಬುವ ಕ್ರಮ: ಗ್ರೇಟಿಂಗ್, ಅದರ ಮೇಲೆ ಸ್ಟೇನ್‌ಲೆಸ್ ಜಾಲರಿ ಎರಡು ಪದರ, ಪಾತ್ರೆಯ ಗೋಡೆಗೆ ಸಂದಿಲ್ಲದಂತೆ ಹಗ್ಗದ ಗ್ಯಾಸ್ಕೆಟ್. ನಂತರ ನೂರು ಮಿಲಿಮೀಟರ್ ಸೆರಾಮಿಕ್ ಗುಂಡುಗಳು, ಮತ್ತೆ ಜಾಲರಿ, ಆಮೇಲೆ ಕಾರ್ಬನ್. ಚೀಲವನ್ನು ಒಂದೇ ಕಡೆ ಸುರಿದು ಗುಡ್ಡೆ ಮಾಡಬೇಡಿ. ಪುಡಿ ನಡುವೆ ನಿಂತು ಕಾಳು ಅಂಚಿಗೆ ಉರುಳುತ್ತದೆ, ಗಾಳಿ ಗೋಡೆಯ ಪಕ್ಕದಲ್ಲೇ ದಾರಿ ಮಾಡಿಕೊಳ್ಳುತ್ತದೆ. 150 ಮಿಲಿಮೀಟರ್‌ಗೊಮ್ಮೆ ಮಟ್ಟಸ ಮಾಡಿ. ಕಾರ್ಬನ್ ಮೇಲೆ ನೇರ ನಿಲ್ಲದೆ ಹಲಗೆ ಹಾಕಿಕೊಂಡು ನಿಲ್ಲಿ.

ಪಾತ್ರೆಯೊಳಗೆ ಇಳಿಯುವ ಮುನ್ನ ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ತೇವವಾದ ಕಾರ್ಬನ್ ಮುಚ್ಚಿದ ಪಾತ್ರೆಯ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ವಾಸನೆಯಿಲ್ಲ, ಉಸಿರು ಕಟ್ಟಿದ ಅನುಭವವೂ ಆಗದೆ ಮನುಷ್ಯ ಕುಸಿಯುತ್ತಾನೆ. ಆಮ್ಲಜನಕ 19.5 ಶೇಕಡಾಕ್ಕಿಂತ ಮೇಲಿದೆ, ಎಲ್‌ಇಎಲ್ ಸೊನ್ನೆಯಿದೆ ಎಂದು ಮೀಟರ್ ತೋರಿಸಿದ ಮೇಲೆ, ಗಾಳಿ ಊದುತ್ತಲೇ, ಹಗ್ಗ ಕಟ್ಟಿಕೊಂಡು, ಬಾಯಿಯ ಬಳಿ ಒಬ್ಬರನ್ನು ನಿಲ್ಲಿಸಿಯೇ ಇಳಿಯಬೇಕು. ಒಳಗಿನವರು ಬಿದ್ದರೆ ಹೊರಗಿನವರು ಹಾಗೇ ಧುಮುಕಬಾರದು.

ಹೊಸ ಕಾರ್ಬನ್‌ಗೆ ಮೊದಲು ಒಂದು ಗಂಟೆ ಸ್ಟೀಮ್ ಹಾಯಿಸಿ, ಸ್ವಲ್ಪ ತೇವ ಉಳಿಸಿಯೇ ಕೆಲಸಕ್ಕೆ ತನ್ನಿ. ತೀರ ಒಣ, ಹೊಸ ಬೆಡ್ ಮೊದಲ ಟೊಲ್ಯೂಯಿನ್ ತಗುಲಿದಾಗ ಬಹಳ ಬಿಸಿಯಾಗುತ್ತದೆ.

ಒಂದು ಸರದಿಯ ನಡೆ

ಗಾಳಿ ಮೇಲಿಂದ ಕೆಳಗೆ, ಸ್ಟೀಮ್ ಕೆಳಗಿಂದ ಮೇಲೆ. ಎದುರುಬದುರಾಗಿದ್ದರೆ ಗಾಳಿ ಹೊರಹೋಗುವ ತುದಿ ಅತಿ ಸ್ವಚ್ಛವಾಗಿ ಉಳಿಯುತ್ತದೆ.

ಬೆಡ್ ಬದಲಿಸುವ ಹೊತ್ತನ್ನು ಗಡಿಯಾರಕ್ಕೆ ಬಿಡದೆ ಹೊರಗಾಳಿಯ, ಅಂದರೆ ಬೆಡ್ ಹಾದು ಹೊರಬರುವ ಗಾಳಿಯ, ಮೀಟರ್‌ಗೆ ಒಪ್ಪಿಸಿ. 10.6 ಇಲೆಕ್ಟ್ರಾನ್‌ವೋಲ್ಟ್ ದೀಪದ ಪಿಐಡಿ (ಬೆಳಕಿನಿಂದ ಆವಿಯನ್ನು ಅಯಾನೀಕರಿಸಿ ಅಳೆಯುವ ಮೀಟರ್) ಸಾಕು. ಐಸೊಬ್ಯೂಟಿಲೀನ್‌ನಿಂದ ಕ್ಯಾಲಿಬ್ರೇಟ್ ಮಾಡಿದ್ದರೆ ಟೊಲ್ಯೂಯಿನ್‌ಗೆ ಓದನ್ನು 0.5ರಿಂದ ಗುಣಿಸಬೇಕು. ಓದು ಏರತೊಡಗಿದೊಡನೆ ಬದಲಿಸಿ. ಟೈಮರ್ ಕೇವಲ ಮೇಲ್ಮಿತಿ.

ಬದಲಿಸಿದ ಮೇಲೆ ಗಾಳಿಯ ಎರಡೂ ವಾಲ್ವ್ ಮುಚ್ಚಿರುವುದನ್ನು ಲಿಮಿಟ್ ಸ್ವಿಚ್‌ನಿಂದ ಖಾತ್ರಿ ಮಾಡಿಕೊಂಡು, ತಳದ ಡ್ರೈನ್ ತೆರೆದು, ಸ್ಟೀಮ್ ಬಿಡಿ. ಒತ್ತಡ 0.3 ಬಾರ್ ಗೇಜ್ ಸಾಕು. ಒಂದು ಕಿಲೊ ಟೊಲ್ಯೂಯಿನ್‌ಗೆ 3.5ರಿಂದ 4 ಕಿಲೊ ಸ್ಟೀಮ್, ಅಂದರೆ 150 ಕಿಲೊಗೆ ಸುಮಾರು 600 ಕಿಲೊ, ಐವತ್ತರಿಂದ ಅರವತ್ತು ನಿಮಿಷದಲ್ಲಿ. ಇದರಲ್ಲಿ ನೂರು ಕಿಲೊಗೂ ಹೆಚ್ಚು ಬರಿ ಕಾರ್ಬನ್ ಮತ್ತು ಪಾತ್ರೆ ಬಿಸಿಮಾಡಲು ಹೋಗುತ್ತದೆ. 75 ಮಿಲಿಮೀಟರ್ ರಾಕ್‌ವುಲ್ ಹೊದಿಸದಿದ್ದರೆ ಇನ್ನೂ ಜಾಸ್ತಿ.

ಸ್ಟೀಮ್ ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲು, ಮೊದಲ ವಾರ ಐದು ನಿಮಿಷಕ್ಕೊಮ್ಮೆ ಆವಿಯನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರ್ ಕೆಳಗಿನ ಸ್ಯಾಂಪಲ್ ಕೊಳಾಯಿಯಿಂದ ಒಂದು ಲೀಟರ್ ಅಳತೆ ಗಾಜಿಗೆ ಹಿಡಿಯಿರಿ. ಮೊದಲ ಹತ್ತು ನಿಮಿಷ ಹೆಚ್ಚೇನೂ ಬಾರದು. ಆಮೇಲೆ ಮಜ್ಜಿಗೆ ನೀರಿನಂತೆ ಮಸುಕಾಗಿ ಬಂದು, ಗಾಜಿನಲ್ಲಿ ನಿಧಾನ ಎರಡು ಪದರವಾಗುತ್ತದೆ, ಮೇಲಿನದು ಟೊಲ್ಯೂಯಿನ್. ಆ ಪದರ ದಪ್ಪವಾಗುತ್ತ ಹೋಗಿ, ಇಳಿದು, ಕೊನೆಗೆ ಬೆರಳಗಲದ ಕಾಲು ಭಾಗಕ್ಕೆ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಉಳಿದದ್ದನ್ನೂ ಹಿಂಡಲು ಹೋದರೆ ಬಾಯ್ಲರಿನ ಬ್ರಿಕೆಟ್ ಸುಡುತ್ತದೆ, ಸಾಲ್ವೆಂಟ್ ಬರುವುದಿಲ್ಲ.

ನಂತರ ಒಂದೂವರೆ ಗಂಟೆ ಗಾಳಿಯಿಂದ ಒಣಗಿಸಿ, ತಣಿಸಬೇಕು. ಮೊದಲ ಹದಿನೈದು ನಿಮಿಷದ ಗಾಳಿಯಲ್ಲಿ ಟೊಲ್ಯೂಯಿನ್ ಇರುವುದರಿಂದ ಅದನ್ನು ಚಿಮಣಿಗೆ ಬಿಡದೆ ಕೂಲರ್‌ಗೆ ಹೋಗುವ ಡಕ್ಟ್‌ಗೆ ಮರಳಿಸಿ. ಬೆಡ್‌ನ ಮೂರು ಎತ್ತರದ ತಾಪಮಾಪಕಗಳೂ 40 ಡಿಗ್ರಿಗೆ ಇಳಿಯುವವರೆಗೆ ಬೆಡ್ ಕೆಲಸಕ್ಕೆ ಸಿದ್ಧವಲ್ಲ.

ಕಂಡೆನ್ಸರ್ ಮತ್ತು ಡಿಕ್ಯಾಂಟರ್

ಸ್ಟೀಮ್ ಪೂರ್ತಿ ಕಂಡೆನ್ಸರ್‌ಗೆ ಬಂದ ಗಳಿಗೆಗೆ 380 ಕಿಲೋವ್ಯಾಟ್ ಹೊರಬೇಕು. ನೀರು 6 ಡಿಗ್ರಿ ಮಾತ್ರ ಏರಲು ಬಿಟ್ಟರೆ ಗಂಟೆಗೆ 54 ಘನ ಮೀಟರ್ ನೀರಿನ ಓಟ. ಈ ಭಾಗದ ಬೋರ್‌ವೆಲ್ ನೀರು ಗಡಸು. ಕೂಲಿಂಗ್ ಟವರ್‌ನಲ್ಲಿ ಆವಿಯಾಗುತ್ತ ಇನ್ನಷ್ಟು ಗಟ್ಟಿಯಾಗಿ ಟ್ಯೂಬಿನೊಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಲಕ್ಷಣ ಸುಲಭ: ಹೊರಬರುವ ದ್ರವ ಕೈಗೆ ಬಿಸಿಯೆನಿಸುತ್ತದೆ, ನೀರು, ಟೊಲ್ಯೂಯಿನ್ ಪದರಗಳನ್ನು ಬೇರ್ಪಡಿಸುವ ಡಿಕ್ಯಾಂಟರ್‌ನ ವೆಂಟ್‌ನಲ್ಲಿ ವಾಸನೆ ಬರುತ್ತದೆ. ದ್ರವದ ತಾಪ 40 ಡಿಗ್ರಿ ದಾಟಿದರೆ ಟ್ಯೂಬ್ ತೊಳೆಯುವ ದಿನ ಬಂತು. ಟವರ್‌ಗೂ ಬಾಯ್ಲರ್‌ಗೂ ಸಾಫ್ಟನರ್ ನೀರನ್ನೇ ಕೊಡಿ.

ಡಿಕ್ಯಾಂಟರ್‌ನಲ್ಲಿ ದ್ರವ ಅರ್ಧ ಗಂಟೆಯಾದರೂ ನಿಲ್ಲಬೇಕು. ಟೊಲ್ಯೂಯಿನ್ ತೂಕ ಅಷ್ಟೇ ಗಾತ್ರದ ನೀರಿನ 0.867 ಪಟ್ಟು. ಮೇಲಿನ ಪದರವನ್ನು 400 ಮಿಲಿಮೀಟರ್ ಇಡಬೇಕೆಂದಿದ್ದರೆ ಅದು 347 ಮಿಲಿಮೀಟರ್ ನೀರಿಗೆ ಸಮ. ಆದ್ದರಿಂದ ನೀರು ಹೊರಹೋಗುವ ಬಾಗುಕೊಳವೆಯ ಎತ್ತರ ಟೊಲ್ಯೂಯಿನ್ ಹೊರಬಾಯಿಗಿಂತ 53 ಮಿಲಿಮೀಟರ್ ಕೆಳಗಿರಬೇಕು. ಬಾಗುಕೊಳವೆಯ ನೆತ್ತಿಗೆ ಗಾಳಿರಂಧ್ರ ಇಲ್ಲದಿದ್ದರೆ ಸೈಫನ್ ಆಗಿ ಟೊಲ್ಯೂಯಿನ್ ನೀರಿನ ಜೊತೆ ಹೋಗಿಬಿಡುತ್ತದೆ. ಕಂಡೆನ್ಸರ್, ಡಿಕ್ಯಾಂಟರ್ ವೆಂಟ್‌ಗಳೂ, ಆ ಗಾಳಿರಂಧ್ರವೂ ಜ್ವಾಲೆ ತಡೆಯುವ ಫ್ಲೇಮ್ ಅರೆಸ್ಟರ್ ಮೂಲಕ ಒಳಡಕ್ಟ್‌ಗೇ ಸೇರಲಿ.

ಬೇರ್ಪಟ್ಟ ನೀರನ್ನು ಚರಂಡಿಗೆ ಬಿಡುವಂತಿಲ್ಲ. ಗಾಳಿ ಊದಿ ಟೊಲ್ಯೂಯಿನ್ ಬಿಡಿಸಿ, ಆ ಗಾಳಿಯನ್ನು ಬೆಡ್‌ಗೆ ಕೊಟ್ಟು, ನೀರನ್ನು ಇಟಿಪಿಗೆ (ತ್ಯಾಜ್ಯನೀರು ಶುದ್ಧೀಕರಣ ಘಟಕಕ್ಕೆ) ಕಳಿಸಿ. ಮರಳಿ ಬಂದ ಟೊಲ್ಯೂಯಿನ್ ರಬ್ಬರ್ ಅಂಟಿಗೆ ಹಾಗೇ ನಡೆಯುತ್ತದೆ. ಪಾಲಿಯುರೆಥೇನ್ ಅಂಟಿಗಾದರೆ ತುಸು ನೀರೂ ಕೆಡುಕು, 3ಎ ಮಾಲಿಕ್ಯುಲರ್ ಸೀವ್ ಹಾಯಿಸಿಯೇ ಬಳಸಿ.

ಏನು ಕೆಡುತ್ತದೆ, ಏಕೆ

ಬೆಡ್ ಬದಲಿಸಿದೊಡನೆ ಹೊರಗಾಳಿಯ ಓದು ಏರಿ ಅರ್ಧ ಗಂಟೆಯಲ್ಲಿ ಇಳಿದರೆ, ಬೆಡ್ ಇನ್ನೂ ಬಿಸಿ ಅಥವಾ ಅತಿ ಒದ್ದೆ. ಮೊದಲಿನಿಂದ ಕೊನೆವರೆಗೂ ಸ್ವಲ್ಪ ಓದು ಇದ್ದೇ ಇದ್ದರೆ ಗಾಳಿಯ ಬಟರ್‌ಫ್ಲೈ ವಾಲ್ವ್ ಸೋರುತ್ತಿದೆ, ಇಲ್ಲವೇ ಬೆಡ್‌ನಲ್ಲಿ ಬಿಲವಾಗಿದೆ. ಕಾರ್ಬನ್ ಹಳತಾಯಿತೆಂದು ದೂರುವ ಮುನ್ನ ವಾಲ್ವ್ ಸೀಲ್ ನೋಡಿ. ಪ್ರತಿಸಲ ಸ್ಟೀಮ್‌ನಲ್ಲಿ ಬೆಂದು ಬೇಗ ಕೆಡುವುದು ಅದೇ. ಸರದಿ ದಿನೇದಿನೇ ಚಿಕ್ಕದಾಗುತ್ತಿದ್ದರೆ ರೆಸಿನ್, ಸಿಲಿಕೋನ್ ಒಳಹೋಗುತ್ತಿದೆ, ಅದಕ್ಕೆ ಮದ್ದು ಫಿಲ್ಟರ್‌ನಲ್ಲಿದೆ. ಬೆಡ್‌ನ ಒತ್ತಡ ವ್ಯತ್ಯಾಸ ಆರಂಭದ ದಿನದ ಓದಿಗಿಂತ ಒಂದೂವರೆ ಪಟ್ಟಾದರೆ ಪುಡಿ ತುಂಬಿದೆ. ಒದ್ದೆ ಸ್ಟೀಮ್ ಪೆಲೆಟ್ಟನ್ನು ಒಡೆಯುತ್ತದೆ, ಸ್ಟೀಮ್ ಟ್ರ್ಯಾಪ್ ಪರೀಕ್ಷಿಸಿ.

ಸ್ಟೀಮ್ ನಡುವೆ ಕರೆಂಟ್ ಹೋದರೆ ಕೂಲಿಂಗ್ ಪಂಪ್ ನಿಂತು ಬಿಸಿ ಆವಿ ಹೊರನುಗ್ಗುತ್ತದೆ. ಸ್ಟೀಮ್ ವಾಲ್ವ್ ಗಾಳಿ ಅಥವಾ ಕರೆಂಟ್ ಹೋದಾಗ ತಾನಾಗಿ ಮುಚ್ಚುವ ಬಗೆಯದೇ ಆಗಿರಬೇಕು. ಡಿಜಿ ಸೆಟ್‌ನಲ್ಲಿ (ಡೀಸೆಲ್ ಜನರೇಟರ್) ಮೊದಲ ಸಾಲು ಪಂಪ್ ಮತ್ತು ಉಪಕರಣಗಳದು.

ವಾರಕ್ಕೊಮ್ಮೆ ಪುಸ್ತಕದಲ್ಲಿ ನಾಲ್ಕು ಅಂಕಿ ಬರೆಯಿರಿ: ಆರಂಭದ ದಾಸ್ತಾನು, ಕೊಂಡದ್ದು, ಮರಳಿ ಬಂದದ್ದು, ಉಳಿದ ದಾಸ್ತಾನು. ವ್ಯತ್ಯಾಸ ಏರಿದ ವಾರವೇ ಟಿಶ್ಯೂ ಪಟ್ಟಿ ಹಿಡಿದು ಓವನ್ ಬಾಯಿಗೆ ಮರಳಿ ಹೋಗಿ.

ಬೆಡ್‌ನೊಳಗಿನ ಬೆಂಕಿ

ಟೊಲ್ಯೂಯಿನ್ ಒಂದೇ ಇದ್ದರೆ ಅಪಾಯ ಕಡಿಮೆ. ಎಂಇಕೆ (ಮೀಥೈಲ್ ಈಥೈಲ್ ಕೀಟೋನ್), ಸೈಕ್ಲೋಹೆಕ್ಸನೋನ್‌ನಂಥ ಕೀಟೋನ್‌ಗಳು ಬೆರೆತರೆ ಕಾರ್ಬನ್ ಮೇಲೆ ಅವು ಉತ್ಕರ್ಷಣಗೊಂಡು ಶಾಖ ಹುಟ್ಟಿಸುತ್ತವೆ. ಗಾಳಿ ಹರಿಯುವಾಗ ಆ ಶಾಖ ಹೊರಹೋಗುತ್ತದೆ. ದಸರಾ ರಜೆಗೆಂದು ತುಂಬಿದ ಬೆಡ್ಡನ್ನು ಹಾಗೇ ಬಿಟ್ಟು ಬೀಗ ಹಾಕಿದರೆ ಒಳಗೇ ಕೂಡಿಕೊಂಡು ಕೆಂಡವಾಗುತ್ತದೆ. ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಆಯುಧಪೂಜೆಯ ಮುನ್ನಾದಿನವೇ ಎರಡೂ ಬೆಡ್‌ಗೆ ಸ್ಟೀಮ್ ಕೊಟ್ಟು, ತಣಿಸಿ, ವಾಲ್ವ್ ಮುಚ್ಚಿ.

ತಾಪಮಾಪಕಕ್ಕಿಂತ ಮುಂಚೆ ಕೂಗುವುದು ಕಾರ್ಬನ್ ಮಾನಾಕ್ಸೈಡ್ ಮೀಟರ್. ಒಳಗಾಳಿಗಿಂತ ಹೊರಗಾಳಿಯಲ್ಲಿ ಅದು ಏರುತ್ತಲೇ ಇದ್ದರೆ ಬ್ಲೋವರ್ ನಿಲ್ಲಿಸಿ, ಎಲ್ಲ ವಾಲ್ವ್ ಮುಚ್ಚಿ, ನೈಟ್ರೋಜನ್ ಬಿಡಿ. ಇಳಿಯದಿದ್ದರೆ ನೀರು ತುಂಬಿ ಮುಳುಗಿಸಿ. ಪಾತ್ರೆಯ ಕಾಲುಗಳನ್ನು ನೀರು ತುಂಬಿದ ಭಾರಕ್ಕೇ ವಿನ್ಯಾಸ ಮಾಡಿಸಿರಬೇಕು. ನೋಡೋಣವೆಂದು ಮ್ಯಾನ್‌ಹೋಲ್ ತೆರೆಯಬೇಡಿ, ಗಾಳಿ ಸಿಕ್ಕ ಕ್ಷಣ ಕೆಂಡ ಜ್ವಾಲೆಯಾಗುತ್ತದೆ.

ಮಂಡಳಿ, ಚಿಮಣಿ, ಸವೆದ ಕಾರ್ಬನ್

ವ್ಯವಸ್ಥೆ ಕಟ್ಟುವ ಮೊದಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ 1981ರ ವಾಯು ಕಾಯ್ದೆಯಡಿ ಸಮ್ಮತಿಪತ್ರಕ್ಕೆ ತಿದ್ದುಪಡಿ ಕೇಳಿ. ಚಿಮಣಿಯ ಸ್ಯಾಂಪಲ್ ರಂಧ್ರ ಕೆಳಗಿನ ಬಾಗಿನಿಂದ ವ್ಯಾಸದ ಎಂಟು ಪಟ್ಟು ಮೇಲೆ, ತುದಿಯಿಂದ ಎರಡು ಪಟ್ಟು ಕೆಳಗೆ ಇರಬೇಕು. 420 ಮಿಲಿಮೀಟರ್ ಚಿಮಣಿಗೆ ಅದು 3.4 ಮೀಟರ್ ಮತ್ತು 0.84 ಮೀಟರ್. ನಿಲ್ಲಲು ಕಟಕಟೆಯಿರುವ ಅಟ್ಟ, ಏಣಿ ಎರಡನ್ನೂ ಮೊದಲೇ ಕಟ್ಟಿಸಿ.

ಒಳಗಾಳಿ ಸ್ವಚ್ಛವಿದ್ದರೆ ಕಾರ್ಬನ್ 3ರಿಂದ 5 ವರ್ಷ ಬಾಳುತ್ತದೆ. ಆರು ತಿಂಗಳಿಗೊಮ್ಮೆ ಮೇಲೆ, ನಡುವೆ, ತಳದಲ್ಲಿ ಮಾದರಿ ತೆಗೆದು ಸಿಟಿಸಿ ಪರೀಕ್ಷೆಗೆ ಕಳಿಸಿ. ತೆಗೆದ ಕಾರ್ಬನ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಷೆಡ್ಯೂಲ್‌ನ 36.2ರಲ್ಲಿ ಬರುತ್ತದೆ. ಕೊನೆಯದಾಗಿ ಒಮ್ಮೆ ಪೂರ್ತಿ ಸ್ಟೀಮ್ ಕೊಟ್ಟು, ತಣಿಸಿ, ನೀರು ಚಿಮುಕಿಸಿ, ಮುಚ್ಚಳದ ಡ್ರಮ್ಮಿಗೆ ತುಂಬಿ ಚೀಟಿ ಅಂಟಿಸಿ. ಮರುಸಕ್ರಿಯಗೊಳಿಸುವ ಅನುಮತಿಯುಳ್ಳವರಿಗೆ, ಇಲ್ಲವೇ ದಾಬಸ್‌ಪೇಟೆ ಬಳಿಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕಕ್ಕೆ, ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ ಪತ್ರ) ಸಮೇತ ಕಳಿಸಿ. ಇಟ್ಟಿಗೆ ಗೂಡಿಗೋ ಬಾಯ್ಲರ್ ಒಲೆಗೋ ಸುರಿಯಲು ಕೇಳಿ ಬರುವವರಿಗೆ ಕೊಡಬೇಡಿ.